ಇಲಿಗಳ ಗೂಡು, ಇಲಿಗಳ ನೆಮ್ಮದಿ: ಕರಾವಳಿಯ ಅನಿಮಲ್ ಹೌಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮಕ್ಕಳು ಫಾರ್ಮಸಿ, ಬಯೋಟೆಕ್ನಾಲಜಿ ಓದಲು ಹೋದಾಗ ಒಂದಲ್ಲ ಒಂದು ದಿನ ಅನಿಮಲ್ ಹೌಸ್‌ನ, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಜಾಗದ, ಬಾಗಿಲು ತೆರೆಯಬೇಕಾಗುತ್ತದೆ. ಕೆಲವರು ಅಲ್ಲೇ ಪ್ರಾಣಿ ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾರೆ. ಅವರು, ಅವರ ಅಪ್ಪ ಅಮ್ಮಂದಿರು, ಹೊಸದಾಗಿ ಪ್ರಾಣಿ ಸಾಕಲು ಹೊರಟ ಕಾಲೇಜಿನವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಪಶುವೈದ್ಯೆ. ಪ್ರಯೋಗಾಲಯದ ಇಲಿಗಳ ಆರೈಕೆಯೇ ನನ್ನ ಕೆಲಸ. ಮೌಸ್‌ಗೆ ಇಲ್ಲಿ ಚಿಟ್ಟಿಲಿ ಎಂದು ಬರೆದಿದ್ದೇನೆ, ರ‍್ಯಾಟ್‌ಗೆ ಇಲಿ ಎಂದು. ಕೈಪಿಡಿಗಳಲ್ಲಿ ಸಿಗುವ ಸಲಹೆಯೆಲ್ಲ ಹೆಚ್ಚಾಗಿ ತಂಪು ದೇಶಗಳಲ್ಲಿ ಬರೆದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಡೆಗೆ ಅದನ್ನು ಹೊಂದಿಸಿಕೊಳ್ಳುವುದು ಹೇಗೆ ಅನ್ನುವುದರ ಮೇಲೆ ಜಾಸ್ತಿ ಗಮನ ಕೊಟ್ಟಿದ್ದೇನೆ.

ಪ್ರಯೋಗ ಸರಿಯಾಗಿ ಮಾಡಿದರೆ ಸಾಕಲ್ವಾ? ಗೂಡು ಹೇಗಿದ್ದರೇನು?

ಪ್ರಯೋಗ ನಡೆಯುವುದು ದಿನದಲ್ಲಿ ಸ್ವಲ್ಪ ಹೊತ್ತು. ಉಳಿದಷ್ಟೂ ಹೊತ್ತು ಪ್ರಾಣಿ ಗೂಡಿನಲ್ಲೇ ಇರುತ್ತದೆ. ಅಲ್ಲಿ ಅದಕ್ಕೆ ಚಳಿಯಾದರೆ, ಹೆದರಿಕೆಯಾದರೆ, ಮಾಡಲು ಏನೂ ಇಲ್ಲದೆ ಹೋದರೆ ಅದು ತೂಕದಲ್ಲಿ, ನಿದ್ದೆಯಲ್ಲಿ, ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ನೀವು ಅಳೆದದ್ದು ಮದ್ದಿನ ಪರಿಣಾಮವೋ ಗೂಡಿನ ಪರಿಣಾಮವೋ ಹೇಳುವವರು ಯಾರು?

1999ರಲ್ಲಿ ಪ್ರಕಟವಾದ ಒಂದು ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಆಲ್ಬನಿ ಮತ್ತು ಪೋರ್ಟ್‌ಲ್ಯಾಂಡ್, ಕೆನಡಾದ ಎಡ್ಮಂಟನ್, ಈ ಮೂರು ಊರಿನ ಲ್ಯಾಬ್‌ಗಳು ಒಂದೇ ತಳಿಗಳ ಚಿಟ್ಟಿಲಿಗಳ ಮೇಲೆ ಒಂದೇ ಬಗೆಯ ಉಪಕರಣ ಇಟ್ಟುಕೊಂಡು ಒಂದೇ ಪರೀಕ್ಷೆಗಳನ್ನು ಮಾಡಿದವು. ಎಲ್ಲವನ್ನೂ ಸಮ ಮಾಡಲು ಬಹಳ ಶ್ರಮಪಟ್ಟಿದ್ದರು. ಆದರೂ ಕೆಲವು ಪರೀಕ್ಷೆಗಳ ಫಲಿತಾಂಶ ಊರಿಂದ ಊರಿಗೆ ಬೇರೆಯಾಗಿತ್ತು.

ಇನ್ನೊಂದು ಘಟನೆಯನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. 1998ರಲ್ಲಿ ಅಮೆರಿಕದ ವಿಜ್ಞಾನಿ ಪ್ಯಾಟ್ರಿಷಿಯಾ ಹಂಟ್ ಅವರ ಲ್ಯಾಬ್‌ನಲ್ಲಿ ಚಿಟ್ಟಿಲಿಗಳ ಅಂಡಾಣುಗಳಲ್ಲಿ ಕ್ರೋಮೋಸೋಮ್ ದೋಷ ಇದ್ದಕ್ಕಿದ್ದಂತೆ ಏರಿತು. ಅದೂ ಯಾವ ಮದ್ದನ್ನೂ ಕೊಡದ ಕಂಟ್ರೋಲ್ ಗುಂಪಿನಲ್ಲಿ. ಹುಡುಕುತ್ತಾ ಹೋದರೆ ಕಾರಣ ಸಿಕ್ಕಿದ್ದು ಗೂಡು ತೊಳೆಯುವ ಕೋಣೆಯಲ್ಲಿ. ನೆಲ ತೊಳೆಯುವ ಕ್ಷಾರದ ಡಿಟರ್ಜೆಂಟ್ ಹಾಕಿ ಪಾಲಿಕಾರ್ಬೊನೇಟ್ ಗೂಡು, ಬಾಟಲಿಗಳನ್ನು ತೊಳೆದಿದ್ದರು. ಪ್ಲಾಸ್ಟಿಕ್ ಕೆಟ್ಟು ಅದರಿಂದ ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಒಸರುತ್ತಿತ್ತು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗೂಡು ತೊಳೆಯುವವರ ಕೈಯಲ್ಲಿ ಎಷ್ಟು ದೊಡ್ಡ ಜವಾಬ್ದಾರಿ ಇದೆ ನೋಡಿ. ನಿಮ್ಮಲ್ಲಿ ಗೂಡಿನ ಪ್ಲಾಸ್ಟಿಕ್ ಮಬ್ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಮುಟ್ಟಿದರೆ ಅಂಟಿದರೆ ಅಂಥದ್ದನ್ನು ಆ ದಿನವೇ ತೆಗೆದುಬಿಡಿ.

ಇಷ್ಟೆಲ್ಲ ಕಾಳಜಿ ಇದ್ದರೆ ಇಲಿಗಳ ಮೇಲೆ ಪ್ರಯೋಗವೇ ಬೇಡ ಅನ್ನಬಹುದಲ್ಲ?

ಬಿಡಬಹುದಾದ ಕಡೆ ಬಿಡಲೇಬೇಕು. ಭಾರತದಲ್ಲಿ 2014ರಿಂದ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವಂತಿಲ್ಲ. 2023ರಲ್ಲಿ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಜಾಗ ಕೊಟ್ಟಿದ್ದಾರೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ಇಬ್ಬರು ಹೇಳಿದ ಮೂರು ಮಾತು ಇಂದಿಗೂ ಈ ಕೆಲಸದ ಬುನಾದಿ: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿಯಿರಿ, ಇಲ್ಲದಿದ್ದರೆ ಕಡಿಮೆ ಪ್ರಾಣಿ ಬಳಸಿ, ಬಳಸುವ ಪ್ರಾಣಿಗೆ ನೋವು ಕಡಿಮೆ ಮಾಡಿ.

ಆದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಜನರಿಗೆ ಮಂಗನ ಕಾಯಿಲೆ ಏನೆಂದು ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಅದು ಕಾಣಿಸಿಕೊಂಡಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಚಿಟ್ಟಿಲಿಗಳ ನೆರವಿನಿಂದಲೇ ಆ ವೈರಸ್ಸನ್ನು ಬೇರ್ಪಡಿಸಿದರು. ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಔಷಧದ ಪ್ರತಿ ಬ್ಯಾಚಿನ ಬಲವನ್ನೂ ಚಿಟ್ಟಿಲಿಗಳಲ್ಲಿ ಪರೀಕ್ಷಿಸುತ್ತಾ ಬಂದಿದ್ದಾರೆ. ನಾವು ಅವುಗಳಿಂದ ಇಷ್ಟು ಪಡೆದಿದ್ದೇವೆ. ಹಾಗಾಗಿ ಅವು ಬದುಕಿರುವಷ್ಟು ದಿನ ನೆಮ್ಮದಿಯಾಗಿ ಇಡುವುದು ನಮ್ಮ ಋಣ ಅಂತಲೇ ನಾನು ನಂಬಿದ್ದೇನೆ.

ನಮ್ಮ ಸೆಕೆಗೆ ಎಸಿ ಎಷ್ಟಕ್ಕೆ ಇಡಬೇಕು?

ನಮ್ಮ ದೇಶದ ಮಾರ್ಗಸೂಚಿ ಸಣ್ಣ ಪ್ರಾಣಿಗಳ ಕೋಣೆಗೆ 18ರಿಂದ 29 ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ. ಅಮೆರಿಕದವರು 20ರಿಂದ 26 ಎನ್ನುತ್ತಾರೆ. ಸಾಮಾನ್ಯವಾಗಿ ಎಲ್ಲರೂ 22ಕ್ಕೆ ಇಟ್ಟುಬಿಡುತ್ತಾರೆ, ಯಾಕೆಂದರೆ ಮಾಸ್ಕು, ಗೌನು ತೊಟ್ಟವರಿಗೆ ಅದು ಹಿತ. ಚಿಟ್ಟಿಲಿಗೆ ಅದು ಚಳಿ. ಅದರ ಮೈಗೆ ನಿಜವಾಗಿ ಹಿತವಾದ ಶಾಖ ಸುಮಾರು 30 ಡಿಗ್ರಿ. 22ರಲ್ಲಿ ಅದು ಮೈ ಬೆಚ್ಚಗಿಡಲೆಂದೇ ಜಾಸ್ತಿ ತಿನ್ನುತ್ತದೆ, ಹೃದಯ ಬೇಗ ಬಡಿಯುತ್ತದೆ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯವರು ಒಂದು ವಿಷಯ ತೋರಿಸಿದರು. 30 ಡಿಗ್ರಿಯಲ್ಲಿ ಇಟ್ಟ ಚಿಟ್ಟಿಲಿಗಳಲ್ಲಿ ಕ್ಯಾನ್ಸರ್ ಗಡ್ಡೆಗಳು, 22 ಡಿಗ್ರಿಯಲ್ಲಿ ಇದ್ದವಕ್ಕಿಂತ ನಿಧಾನವಾಗಿ ಬೆಳೆದವು.

ಹಾಗಂತ ಎಸಿ ಆರಿಸಿಬಿಡಿ ಅಂತ ನಾನು ಹೇಳುವುದಿಲ್ಲ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಶಾಖ 30 ದಾಟಿ ಜೊತೆಗೆ ತೇವವೂ ಸೇರುತ್ತದೆ. ಇಲಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ. ಅದು ಬಾಲದಿಂದ ಶಾಖ ಬಿಡುತ್ತದೆ, ಅದೂ ಸಾಲದಿದ್ದರೆ ಜೊಲ್ಲನ್ನು ಮೈಗೆ ಸವರಿಕೊಳ್ಳುತ್ತದೆ. ತೇವದ ಗಾಳಿಯಲ್ಲಿ ಆ ಜೊಲ್ಲು ಆರುವುದೇ ಇಲ್ಲ. ಹಾಲೂಡುವ ತಾಯಿಗೆ ಇನ್ನೂ ಕಷ್ಟ. ಅದರ ಮೈ ತಾನೇ ಶಾಖ ಹುಟ್ಟಿಸುತ್ತಿರುತ್ತದೆ, ಬಿಸಿ ಕೋಣೆಯಲ್ಲಿ ಹಾಲು ಕಡಿಮೆಯಾಗುತ್ತದೆ. ಆದ್ದರಿಂದ 24ರ ಆಸುಪಾಸು ಇಡಿ, ಏರಿಳಿತ ಆಗದಂತೆ ನೋಡಿಕೊಳ್ಳಿ, ಉಳಿದದ್ದನ್ನು ಚಿಟ್ಟಿಲಿಗೇ ಬಿಡಿ. ಗೂಡು ಕಟ್ಟಿಕೊಳ್ಳಲು ಸಾಮಾನು ಕೊಟ್ಟರೆ ತನಗೆ ಬೇಕಾದ ಬೆಚ್ಚಗೆ ಅದೇ ಮಾಡಿಕೊಳ್ಳುತ್ತದೆ.

ಒಂದು ಸಲ ಕೂತು ನೋಡಿ. ಒಂದು ಗೂಡಿಗೆ 8ರಿಂದ 10 ಗ್ರಾಂ ಉದ್ದುದ್ದ ಸೀಳಿದ ಕಾಗದ ಹಾಕಿ. ಚಿಟ್ಟಿಲಿ ಮೊದಲು ಮೂಸುತ್ತದೆ. ಆಮೇಲೆ ಒಂದು ಎಳೆಯನ್ನು ಬಾಯಲ್ಲಿ ಕಚ್ಚಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಮೂಲೆಗೆ ಎಳೆದೊಯ್ಯುತ್ತದೆ. ಎರಡು ಮುಂಗಾಲಲ್ಲಿ ಹಿಡಿದು ಹಲ್ಲಿನಿಂದ ಸೀಳುತ್ತದೆ. ನಡುವೆ ತಾನು ಕೂತು, ಮೈ ತಿರುಗಿಸುತ್ತಾ ಸುತ್ತಲೂ ಗೋಡೆ ಏರಿಸುತ್ತದೆ. ಬೆಳಗಾಗುವಷ್ಟರಲ್ಲಿ ಮೇಲೂ ಮುಚ್ಚಿಕೊಂಡ ಗುಮ್ಮಟ ಆಗಿರುತ್ತದೆ, ಒಳಗೆ ನಾಲ್ಕೈದು ಒತ್ತಿಕೊಂಡು ಮಲಗಿರುತ್ತವೆ. ಈ ಗುಮ್ಮಟದ ಎತ್ತರವನ್ನೇ ದಿನವೂ ಗಮನಿಸಿ. ನಿನ್ನೆವರೆಗೆ ಚೆನ್ನಾಗಿ ಕಟ್ಟುತ್ತಿದ್ದದ್ದು ಇವತ್ತು ಕಟ್ಟಿಲ್ಲ ಅಂದರೆ, ಒಂದೋ ಕೋಣೆ ಬಿಸಿಯಾಗಿದೆ, ಇಲ್ಲಾ ಅದಕ್ಕೆ ಹುಷಾರಿಲ್ಲ.

ಮಳೆಗಾಲದ ತೇವಕ್ಕೆ ಏನು ಮಾಡುವುದು?

ನಮ್ಮ ಕಡೆಯ ಅತಿ ದೊಡ್ಡ ತಲೆನೋವು ಇದೇ. ಕೋಣೆಯ ತೇವ ಶೇಕಡಾ 30ರಿಂದ 70ರ ಒಳಗಿರಬೇಕು. ಜುಲೈಯಲ್ಲಿ ಹೊರಗಿನ ಗಾಳಿ ವಾರಗಟ್ಟಲೆ ಇದಕ್ಕಿಂತ ತುಂಬಾ ಮೇಲಿರುತ್ತದೆ. ಗಂಟೆಗೆ 12ರಿಂದ 15 ಸಲ ಕೋಣೆಯ ಗಾಳಿ ಬದಲಾಗಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಅಂದರೆ ಆ ಒದ್ದೆ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತಿರುತ್ತೇವೆ. ಎಸಿ ಓಡುತ್ತಿರುವಾಗ ತೇವವನ್ನು ಹಿಂಡುತ್ತದೆ, ಕೋಣೆ ತಂಪಾಗಿ ಎಸಿ ನಿಂತ ಕೂಡಲೇ ತೇವ ಮತ್ತೆ ಏರುತ್ತದೆ. ಅದಕ್ಕೇ ತೇವ ತೆಗೆಯುವ ಯಂತ್ರ ಬೇರೆಯಾಗಿಯೇ ಬೇಕು. ಡಿಹ್ಯುಮಿಡಿಫೈಯರ್ ಇಲ್ಲದೆ ಕರಾವಳಿಯಲ್ಲಿ ಇಲಿ ಸಾಕಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ತೇವ ಹೆಚ್ಚಾದರೆ ಏನಾಗುತ್ತದೆ? ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಹಾಸು ಒದ್ದೆಯಾದಷ್ಟೂ ಈ ಕೆಲಸ ಬೇಗ. ಮಳೆಗಾಲದಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದನದ ಮೂಗು ಹಾಸಿನಿಂದ ಮೇಲಿರುತ್ತದೆ, ಇಲ್ಲಿ ಇಲಿಯ ಮೂಗು ಹಾಸಿನಲ್ಲೇ ಇರುತ್ತದೆ. ಅಮೋನಿಯಾ ಮೂಗಿನ ಒಳಪದರವನ್ನು ಕೆಡಿಸುತ್ತದೆ. ಶ್ವಾಸಕೋಶದಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿರುವ ಇಲಿಗಳಿಗೆ ರೋಗ ಜೋರಾಗುತ್ತದೆ. ಗಾಳಿಯಲ್ಲಿ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಮೀರಬಾರದು ಎಂಬ ಮನುಷ್ಯರ ಮಿತಿಯನ್ನೇ ಬಹಳ ಕಡೆ ಇಲಿಗಳಿಗೂ ಬಳಸುತ್ತಾರೆ. ನಾವು ಎಂಟು ತಾಸು ಇದ್ದು ಮನೆಗೆ ಹೋಗುವವರು, ಅವು 24 ತಾಸೂ ಅಲ್ಲೇ ಇರುವಂಥವು. ಮುಚ್ಚಳ ತೆಗೆದಾಗ ನಿಮ್ಮ ಕಣ್ಣು ಚುರುಗುಟ್ಟಿದರೆ ಆಗಲೇ ತಡವಾಗಿದೆ.

ಆಹಾರದ ಕಥೆಯೂ ಇದೇ. ಪೆಲೆಟ್ (ಒತ್ತಿ ಮಾಡಿದ ಗಟ್ಟಿ ಆಹಾರದ ತುಂಡು) ಚೀಲಗಳನ್ನು 21 ಡಿಗ್ರಿಗಿಂತ ತಂಪಾಗಿ, ಶೇಕಡಾ 50ಕ್ಕಿಂತ ಕಡಿಮೆ ತೇವದಲ್ಲಿ ಇಟ್ಟರೆ ಆರು ತಿಂಗಳು ಬಾಳುತ್ತವೆ. ನಮ್ಮಲ್ಲಿ ಗೋಡೆಗೆ ತಾಗಿಸಿ, ನೆಲದ ಮೇಲೆ ಇಟ್ಟ ಚೀಲ ಅಷ್ಟು ದಿನ ತಡೆಯುವುದಿಲ್ಲ. ಮೆಕ್ಕೆಜೋಳ, ಶೇಂಗಾ ಹಿಂಡಿ ಇರುವ ಆಹಾರಕ್ಕೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಸೇರಬಹುದು, ಅದು ಲಿವರ್ ಕೆಡಿಸುವ ವಿಷ. ಬೂಷ್ಟು ಕೊಡವಿ ಹಾಕುವುದು ಬೇಡವೇ ಬೇಡ, ಇಡೀ ಚೀಲ ಹೊರಗೆ ಹೋಗಲಿ. ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ತರಿಸಿ ದಾಸ್ತಾನು ಮಾಡುವ ಅಭ್ಯಾಸ ಅನಿಮಲ್ ಹೌಸ್‌ಗೆ ಹೊಂದುವುದಿಲ್ಲ. ಸ್ವಲ್ಪ ಸ್ವಲ್ಪವೇ ತರಿಸಿ.

ಅಕ್ಕಿ ಗಿರಣಿಯ ಉಮಿ ಹಾಸಬಹುದಾ?

ಹಾಸಬಹುದು. ಭಾರತದಲ್ಲಿ ತುಂಬಾ ಕಡೆ ಉಮಿಯನ್ನೇ ಬಳಸುತ್ತಾರೆ. ಅಗ್ಗ, ಹತ್ತಿರದಲ್ಲೇ ಸಿಗುತ್ತದೆ. ಆದರೆ ಗಿರಣಿಯಿಂದ ತಂದು ನೇರವಾಗಿ ಸುರಿಯಬೇಡಿ. ಗಿರಣಿಯಲ್ಲಿ ಊರ ಇಲಿಗಳು ಓಡಾಡಿರುತ್ತವೆ, ಅವುಗಳ ಮೂತ್ರದ ಜೊತೆ ರೋಗವೂ ಬರುತ್ತದೆ. ಜರಡಿ ಹಿಡಿದು ದೂಳು ತೆಗೆದು, ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು), ಪೂರ್ತಿ ಆರಿಸಿಯೇ ಹಾಕಬೇಕು. ಉಮಿಗೆ ನೀರು ಹೀರುವ ಶಕ್ತಿ ಕಡಿಮೆ, ಹಾಗಾಗಿ ಮಳೆಗಾಲದಲ್ಲಿ ಬೇಗ ಬದಲಾಯಿಸಬೇಕಾಗುತ್ತದೆ. ಮೆಕ್ಕೆಜೋಳದ ದಿಂಡಿನ ತರಿ ಚೆನ್ನಾಗಿ ಹೀರುತ್ತದೆ, ಅಮೋನಿಯಾ ಕಡಿಮೆ. ಆದರೆ ಮಲಗಲು ಅದು ಗಟ್ಟಿ. ಯಾವುದನ್ನು ಹಾಸಿದರೂ ಅದರ ಮೇಲೆ ಕಾಗದದ ಎಳೆ ಇರಲೇಬೇಕು. ದೇವದಾರು, ಪೈನ್ ಮರದ ಸಿಪ್ಪೆ ಬೇಡ. ಅದರ ವಾಸನೆಯ ಎಣ್ಣೆಗಳು ಲಿವರಿನ ಎಂಜೈಮ್‌ಗಳನ್ನು ಏರಿಸುತ್ತವೆ, ಮದ್ದಿನ ಪರೀಕ್ಷೆಯೇ ಹಾಳು. ನಯವಾದ ಹತ್ತಿಯೂ ಬೇಡ, ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ತೆಂಗಿನ ಕರಟ, ಅಡಿಕೆ ಹಾಳೆ ಕೊಡಬಹುದಾ? ನಮ್ಮಲ್ಲಿ ಬೇಕಾದಷ್ಟಿದೆ.

ಕರಟ ಒಳ್ಳೆಯದು. ನಾರು ಕೆರೆದು, ಅಂಚು ನುಣುಪು ಮಾಡಿ, ಒಂದು ಬಾಗಿಲು ಕೊರೆದು ಬೋರಲು ಹಾಕಿದರೆ ಚಿಟ್ಟಿಲಿಗೆ ಅಡಗಲು ಮನೆಯಾಗುತ್ತದೆ, ಮೇಲೆ ಹತ್ತಿ ಕೂರಲು ಜಾಗವೂ ಆಗುತ್ತದೆ. ಆಟೋಕ್ಲೇವ್ ತಡೆಯುತ್ತದೆ. ಕಡಿಯಲೂ ಸಿಗುತ್ತದೆ, ಯಾಕೆಂದರೆ ಇವುಗಳ ಮುಂದಿನ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಬಿಸಾಡಿ.

ಅಡಿಕೆ ಹಾಳೆ ಬೇಡ. ಇಲಿ ಅದನ್ನು ಕಡಿದು ನುಂಗುತ್ತದೆ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ನರಗಳ ಮೇಲೆ ಕೆಲಸ ಮಾಡುವ ರಾಸಾಯನಿಕ ಇದೆ. ಹಾಳೆಯಿಂದ ಅಂಥದ್ದು ಸ್ವಲ್ಪವೇ ಹೊಟ್ಟೆಗೆ ಹೋಗುವ ಸಂಶಯ ಇದ್ದರೂ ಪ್ರಯೋಗದ ಪ್ರಾಣಿಗೆ ಕೊಡಬಾರದು. ಜೊತೆಗೆ ಹಾಳೆಗೆ ಮಳೆಗಾಲದಲ್ಲಿ ಬೂಷ್ಟು ಬೇಗ.

"ಗೂಡಿನಲ್ಲಿ ಸಾಮಾನು ಇಟ್ಟರೆ ಫಲಿತಾಂಶ ಏರುಪೇರಾಗುತ್ತದೆ" ಅಂತ ಹಿರಿಯ ಸಂಶೋಧಕರು ಹೇಳುವುದನ್ನು ನೀವು ಕೇಳಿರಬಹುದು. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಈ ಭಯ ನಿಜವಲ್ಲ ಅಂತ ತೋರಿಸಿತು. ಬೇರೆ ಬೇರೆ ಲ್ಯಾಬ್‌ಗಳಲ್ಲಿ ಸಾಮಾನು ತುಂಬಿದ ಗೂಡುಗಳಲ್ಲಿ ಬೆಳೆದ ಚಿಟ್ಟಿಲಿಗಳಲ್ಲೂ ಅಂಕಿಗಳ ಚೆದುರು ಹೆಚ್ಚಲಿಲ್ಲ. ಎಲ್ಲ ಗುಂಪಿಗೂ ಒಂದೇ ಬಗೆಯ ಸಾಮಾನು ಕೊಟ್ಟರೆ ಸಾಕು.

ಒಂದು ಗೂಡಿನಲ್ಲಿ ಎಷ್ಟು ಇಡಬಹುದು?

15ರಿಂದ 25 ಗ್ರಾಂ ತೂಕದ ಒಂದು ಚಿಟ್ಟಿಲಿಗೆ ಕಡೇಪಕ್ಷ 77 ಚದರ ಸೆಂಟಿಮೀಟರ್ ನೆಲ, 300ರಿಂದ 400 ಗ್ರಾಂ ಇಲಿಗೆ 258. ಇದು ಕನಿಷ್ಠ ಲೆಕ್ಕ, ಇದೇ ಸರಿಯಾದ ಲೆಕ್ಕ ಅಂದುಕೊಳ್ಳಬೇಡಿ. ಎತ್ತರದ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಅಮೆರಿಕದ ಕೈಪಿಡಿ ಇಲಿಗೆ ಸುಮಾರು 18 ಸೆಂಟಿಮೀಟರ್ ಎತ್ತರ ಸಾಕು ಎನ್ನುತ್ತದೆ. ಬೆಳೆದ ಇಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತರೆ ತಲೆ ಜಾಲರಿಗೆ ತಾಗುತ್ತದೆ. 2016ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಎತ್ತರದ, ಮಣ್ಣು ತುಂಬಿದ ಗೂಡಿನಲ್ಲಿ ಇಲಿಗಳನ್ನು ಬಿಟ್ಟು ನೋಡಿದರು. ಅವು ಎದ್ದು ನಿಂತವು, ಹತ್ತಿದವು, ಬಿಲ ತೋಡಿದವು. ವಯಸ್ಸಾದಂತೆ ಹತ್ತುವುದು ಕಮ್ಮಿಯಾಯಿತು, ಬಿಲ ತೋಡುವುದನ್ನು ಮಾತ್ರ ಬಿಡಲಿಲ್ಲ. ಗಿಡ್ಡ ಗೂಡಿನ ಇಲಿಗಳು ಮೈಯನ್ನು ಉದ್ದಕ್ಕೆ ಚಾಚುವುದು ಜಾಸ್ತಿ ಇತ್ತು. ಹೊಸ ಗೂಡು ಕೊಳ್ಳುವವರು ಎತ್ತರದ್ದನ್ನೇ ಕೊಳ್ಳಿ.

ತಂತಿ ನೆಲದ ಗೂಡು ಹಳೆಯ ಲ್ಯಾಬ್‌ಗಳಲ್ಲಿ ಇನ್ನೂ ಇದೆ. ಭಾರದ ಇಲಿಗಳಿಗೆ ಅದರಿಂದ ಪಾದದಲ್ಲಿ ಹುಣ್ಣಾಗುತ್ತದೆ. ಸಮುದ್ರದ ಉಪ್ಪು ಗಾಳಿಗೆ ತಂತಿ ತುಕ್ಕು ಹಿಡಿದರಂತೂ ಗಾಯ ಖಂಡಿತ. ಪ್ರಯೋಗಕ್ಕೆ ಬೇಕೇ ಬೇಕು ಅನ್ನುವ ಕಾರಣ ಇಲ್ಲದೆ ಅದನ್ನು ಇಡಬೇಡಿ.

ಒಂಟಿಯಾಗಿ ಇಡುವುದು ಇಲಿಗೆ ಶಿಕ್ಷೆ. ಅವು ಗುಂಪಿನ ಪ್ರಾಣಿ. ಪಶುವೈದ್ಯರ ಸಲಹೆ ಅಥವಾ ಎಥಿಕ್ಸ್ ಕಮಿಟಿ (ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸುವ ಸಂಸ್ಥೆಯ ಸಮಿತಿ) ಒಪ್ಪಿದ ಕಾರಣ ಇದ್ದರೆ ಮಾತ್ರ ಒಂಟಿ.

ಗಂಡು ಚಿಟ್ಟಿಲಿಗಳು ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಏನು ಮಾಡಲಿ?

ಒಂದೇ ತಾಯಿಯ ಮರಿಗಳನ್ನು ಹಾಲು ಬಿಡಿಸಿದಾಗಿನಿಂದ ಒಟ್ಟಿಗೇ ಇಡಿ, ನಡುವೆ ಹೊಸಬರನ್ನು ಸೇರಿಸಬೇಡಿ. ಜಗಳ ಜೋರಾಗುವುದು ಗೂಡು ಬದಲಾಯಿಸಿದ ಹೊತ್ತಿನಲ್ಲಿ, ಯಾಕೆಂದರೆ ತಮ್ಮ ಗುರುತಿನ ವಾಸನೆ ಒಮ್ಮೆಲೇ ಮಾಯವಾಗಿರುತ್ತದೆ. ಇದಕ್ಕೆ ಒಂದು ಸುಲಭ ಉಪಾಯ ಇದೆ. ಹಳೆಯ ಗುಮ್ಮಟದ ಕಾಗದವನ್ನು ಸ್ವಲ್ಪ ಹೊಸ ಗೂಡಿಗೆ ಹಾಕಿ, ಜಗಳ ಇಳಿಯುತ್ತದೆ. ಆದರೆ ಮೂತ್ರದಲ್ಲಿ ನೆನೆದ ಹಾಸನ್ನು ಹಾಕಿದರೆ ಜಗಳ ಏರುತ್ತದೆ. ಬೆನ್ನು, ಬಾಲದ ಬುಡದಲ್ಲಿ ಕಚ್ಚಿದ ಗುರುತು ಹುಡುಕಿ. ಮೂತಿಯ ಕೂದಲು ಬೋಳಿಸಿದಂತೆ ಕಂಡು ಗಾಯ ಇಲ್ಲದಿದ್ದರೆ ಅದು ಜೊತೆಗಾರರು ಕೂದಲು ಕಿತ್ತದ್ದು. ಬೇರೆ ಸಮಸ್ಯೆ, ಅಷ್ಟು ತುರ್ತಿಲ್ಲ.

ದಿನಾ ಗೂಡು ತೊಳೆದರೆ ಒಳ್ಳೆಯದಲ್ವಾ?

ಇಲ್ಲ. ಸ್ವಚ್ಛ ಅಂತ ನಮಗೆ ಅನ್ನಿಸಿದ್ದು ಅವಕ್ಕೆ ದಿನಾ ಮನೆ ಕಳೆದುಕೊಂಡ ಹಾಗೆ. ಮೇಲೆ ತೆರೆದ ಗೂಡಾದರೆ ವಾರಕ್ಕೆ ಒಂದೋ ಎರಡೋ ಸಲ, ಮುಚ್ಚಿದ್ದು, ಫ್ಯಾನಿನಿಂದ ಗಾಳಿ ಹಾಯಿಸುವ ಐವಿಸಿ ಗೂಡಾದರೆ ಸುಮಾರು ಎರಡು ವಾರಕ್ಕೊಮ್ಮೆ. ಜೋರು ಮಳೆಯ ದಿನಗಳಲ್ಲಿ ಒದ್ದೆ ಮೂಲೆಯ ಹಾಸನ್ನು ಮಾತ್ರ ತೆಗೆದು ಹೊಸದು ಹಾಕಿ, ಗುಮ್ಮಟ ಮುಟ್ಟಬೇಡಿ. ಮರಿ ಹಾಕಿ ಎರಡು ಮೂರು ದಿನದ ತಾಯಿಯ ಗೂಡಿಗಂತೂ ಕೈ ಹಾಕಲೇಬೇಡಿ, ಹೆದರಿದ ತಾಯಿ ಮರಿಗಳನ್ನು ತಿಂದುಬಿಡಬಹುದು. ಬಾಟಲಿಯ ನೀರು, ಆಹಾರ ಮಾತ್ರ ದಿನಾ ನೋಡಬೇಕು. ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬಿದಂತೆ ಕಾಣುತ್ತದೆ, ಇಲಿ ಬಾಯಾರಿ ಒದ್ದಾಡುತ್ತದೆ. ಬೆರಳಿನಿಂದ ಒತ್ತಿ ಹನಿ ಬರುತ್ತದಾ ನೋಡಿ.

ಬಾಲ ಹಿಡಿದು ಎತ್ತುವುದು ತಪ್ಪಾ? ಎಲ್ಲರೂ ಹಾಗೇ ಎತ್ತುತ್ತಾರಲ್ಲ.

ಚಿಟ್ಟಿಲಿಯನ್ನು ಬಾಲದಿಂದ ಎತ್ತುವುದು ತಲೆಮಾರುಗಳಿಂದ ಬಂದ ಅಭ್ಯಾಸ. 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಇದನ್ನು ಪರೀಕ್ಷಿಸಿದರು. ಬಾಲ ಹಿಡಿದು ಎತ್ತಿದವು ಹೆದರಿ ದೂರ ಸರಿದವು, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದವು ತಾವಾಗಿಯೇ ಹತ್ತಿರ ಬಂದವು. ಗೂಡಿನೊಳಗೆ ಒಂದು ಕೊಳವೆ ಇಟ್ಟಿರಿ. ಚಿಟ್ಟಿಲಿ ಒಳಗೆ ಹೊಕ್ಕ ಮೇಲೆ ಎರಡು ತುದಿಗೂ ಕೈ ಅಡ್ಡ ಹಿಡಿದು ಎತ್ತಿ. ಒಂದು ವಾರ ಕೈ ನಿಧಾನ ಅನ್ನಿಸಬಹುದು, ಆಮೇಲೆ ಬಾಲದಷ್ಟೇ ಬೇಗ ಆಗುತ್ತದೆ. ಇಲಿಯನ್ನಂತೂ ಬಾಲದ ತುದಿ ಹಿಡಿದು ಎಂದೂ ಎತ್ತಬಾರದು, ಚರ್ಮವೇ ಕಳಚಿ ಬರುತ್ತದೆ. ಎದೆಯ ಕೆಳಗೆ ಕೈ ಹಾಕಿ, ಹಿಂಭಾಗಕ್ಕೆ ಇನ್ನೊಂದು ಕೈ ಆಸರೆ ಕೊಡಿ.

ಎಳೆಯ ಇಲಿಗಳ ಕುತ್ತಿಗೆ, ಹೊಟ್ಟೆಗೆ ಕಚಗುಳಿ ಇಟ್ಟರೆ ಅವು 50 ಕಿಲೋಹರ್ಟ್ಸ್ ಆಸುಪಾಸಿನ ಖುಷಿಯ ಸದ್ದು ಮಾಡುತ್ತವೆ, ನಮ್ಮ ಕಿವಿಗೆ ಕೇಳದು. 1990ರ ದಶಕದ ಕೊನೆಯಲ್ಲಿ ವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಅವರ ಲ್ಯಾಬ್ ಇದನ್ನು ಕಂಡುಕೊಂಡಿತು. ಹೆದರಿದಾಗಿನ ಸದ್ದು 22ರ ಆಸುಪಾಸು. ಕಚಗುಳಿಗೆ ಒಗ್ಗಿದ ಇಲಿ ಸೂಜಿಗೂ ಕಡಿಮೆ ಹೆದರುತ್ತದೆ.

ಯಾರು ಎತ್ತುತ್ತಾರೆ ಅನ್ನುವುದೂ ಮುಖ್ಯ. ಗಂಡಸರ ವಾಸನೆ ಬಂದಾಗ ಇಲಿ, ಚಿಟ್ಟಿಲಿಗಳಲ್ಲಿ ಒತ್ತಡ ಏರುತ್ತದೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದರು, ಗಂಡಸು ತೊಟ್ಟ ಅಂಗಿ ಇಟ್ಟರೂ ಹಾಗೇ. ಗಂಡಸರು ಈ ಕೆಲಸ ಮಾಡಬಾರದು ಅಂತ ಇದರರ್ಥವಲ್ಲ. ದಿನಾ ಅದೇ ವ್ಯಕ್ತಿ ಬಂದರೆ ಅವು ಒಗ್ಗಿಕೊಳ್ಳುತ್ತವೆ. ಪ್ರಯೋಗದ ನಡುವೆ ಜನ ಬದಲಾಯಿಸಬೇಡಿ, ಬದಲಾದರೆ ಬರೆದಿಡಿ.

ಮಳೆ ಸದ್ದು, ಜನರೇಟರ್ ಸದ್ದು, ರಾತ್ರಿ ಲೈಟು ತೊಂದರೆ ಕೊಡುತ್ತವಾ?

ತಗಡಿನ ಮಾಡಿನ ಕೆಳಗೆ ಇಲಿ ಇಡಬೇಡಿ. ನಮ್ಮ ಮಳೆ ಅದರ ಮೇಲೆ ಬಿದ್ದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಕೋಣೆಯಲ್ಲಿ 85 ಡೆಸಿಬಲ್ ಮೀರಬಾರದು. ಜೊತೆಗೆ ನಮಗೆ ಕೇಳದ ಸದ್ದುಗಳಿವೆ. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಇಲಿಗಳದ್ದು ಅದರ ಮೂರು ನಾಲ್ಕು ಪಟ್ಟು. ಸೋರುವ ನಲ್ಲಿ, ಕಿರುಗುಟ್ಟುವ ಟ್ರಾಲಿ ಚಕ್ರ, ಕೆಲವು ಎಲೆಕ್ಟ್ರಾನಿಕ್ ಯಂತ್ರಗಳು ಆ ಎತ್ತರದಲ್ಲಿ ಕಿರುಚುತ್ತಿರುತ್ತವೆ. ಚಕ್ರಕ್ಕೆ ಎಣ್ಣೆ ಬಿಡುವುದಕ್ಕೆ ಖರ್ಚೇನೂ ಇಲ್ಲ.

ಲೈಟು 12 ತಾಸು ಹಗಲು, 12 ತಾಸು ಕತ್ತಲು, ಟೈಮರ್ ಹಾಕಿ. ಬಿಳಿ ಇಲಿಯ ಕಣ್ಣಿನಲ್ಲಿ ಬಣ್ಣದ ಪದರ ಇಲ್ಲ, ಜೋರು ಬೆಳಕಿಗೆ ರೆಟಿನಾ ಕೆಡುತ್ತದೆ. ಮೇಲಿನ ಶೆಲ್ಫಿನ ಗೂಡುಗಳನ್ನು ಆಗಾಗ ಕೆಳಗಿಡಿ. ರಾತ್ರಿ ಕಾವಲಿನವರು ಸುಮ್ನೆ ಟಾರ್ಚ್ ಬಿಡುವುದು, ಟ್ಯೂಬ್‌ಲೈಟ್ ಹಾಕುವುದು ಬೇಡ. ನೋಡಲೇಬೇಕಾದರೆ ಮಂದ ಕೆಂಪು ದೀಪ ಸಾಕು, ಕೆಂಪು ಅವಕ್ಕೆ ಸರಿಯಾಗಿ ಕಾಣುವುದಿಲ್ಲ.

ಗಾಳಿಮಳೆಗೆ ಕರೆಂಟು ಹೋದರೆ?

ತೆರೆದ ಗೂಡಾದರೆ ಸ್ವಲ್ಪ ಸಮಯ ಸಿಗುತ್ತದೆ. ಐವಿಸಿ ಗೂಡಾದರೆ ಫ್ಯಾನು ನಿಂತ ಗಳಿಗೆಯಿಂದ ಅದು ಮುಚ್ಚಿದ ಡಬ್ಬಿ. ಇಂಗಾಲದ ಡೈಆಕ್ಸೈಡು, ತೇವ ಏರುತ್ತಾ ಹೋಗುತ್ತವೆ. ಮರ ಬಿದ್ದು ಲೈನು ಹರಿದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ನೆನಪಿರಲಿ. ಜನರೇಟರ್ ತಾನಾಗಿ ಶುರುವಾಗಬೇಕು, ಡೀಸೆಲ್ ತುಂಬಿರಬೇಕು, ತಿಂಗಳಿಗೊಮ್ಮೆ ನಿಜವಾದ ಲೋಡ್ ಹಾಕಿ ಓಡಿಸಿ ನೋಡಬೇಕು. ಫ್ಯಾನು ನಿಂತರೆ ಯಾರ ಮೊಬೈಲಿಗೆ ಕರೆ ಹೋಗಬೇಕು, ಅವರು ಎಷ್ಟು ಹೊತ್ತಿಗೆ ಬಂದು ಮುಚ್ಚಳ ಸಡಿಲಿಸಬೇಕು ಎಂಬುದನ್ನು ಬಾಗಿಲಿಗೆ ಅಂಟಿಸಿ.

ಅವಕ್ಕೆ ನೋವಾಗಿದೆ ಅಂತ ತಿಳಿಯುವುದು ಹೇಗೆ?

ಬೇಟೆಗೆ ಸಿಗುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಆದರೆ ಮುಖ ಹೇಳುತ್ತದೆ. 2010ರಲ್ಲಿ ಮೆಕ್‌ಗಿಲ್‌ನವರೇ ಚಿಟ್ಟಿಲಿಯ ಮುಖ ನೋಡಿ ನೋವು ಅಳೆಯುವ ವಿಧಾನ ತಂದರು, ಮುಂದಿನ ವರ್ಷ ಇಲಿಗೂ ಬಂತು. ಕಣ್ಣು ಕಿರಿದಾಗುತ್ತದೆ, ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಮೀಸೆ ಬಿಗಿಯುತ್ತದೆ. ಚಿಟ್ಟಿಲಿಯ ಮೂಗು, ಕೆನ್ನೆ ಉಬ್ಬುತ್ತವೆ, ಇಲಿಯದ್ದು ಚಪ್ಪಟೆಯಾಗುತ್ತವೆ. ಇಲಿಯ ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯ ಬಣ್ಣದ ಸ್ರಾವ. ಆದರೂ ಒತ್ತಡದ ಸೂಚನೆ, ಬಿಡಬೇಡಿ. ತೂಕ ಐದರಲ್ಲಿ ಒಂದು ಪಾಲು ಇಳಿಯುವತನಕ ಕಾಯುವುದು ಬೇಡ, ಸಾಮಾನ್ಯವಾಗಿ ಅಷ್ಟು ಇಳಿದರೆ ಪ್ರಯೋಗ ನಿಲ್ಲಿಸಬೇಕು ಅನ್ನುತ್ತಾರೆ. ಜಾಲರಿ ಕಡಿಯುತ್ತಲೇ ಇರುವುದು, ಒಂದೇ ಕಡೆ ಸುತ್ತುವುದು, ಹಾರುತ್ತಲೇ ಇರುವುದು ಬರಡು ಗೂಡಿನ ಬೇಸರದ ಗುರುತು.

ಮಗ ಅನಿಮಲ್ ಹೌಸ್ ಕೆಲಸಕ್ಕೆ ಸೇರಿದ್ದಾನೆ. ಇಲಿ ಜ್ವರ ಬರುತ್ತಾ?

ತಾಯಂದಿರು ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. ಇಲಿ ಜ್ವರ ಹರಡುವುದು ಹೆಚ್ಚಾಗಿ ಗದ್ದೆ, ಚರಂಡಿಯ ಕಾಡು ಇಲಿಗಳ ಮೂತ್ರದಿಂದ. ನೋಂದಾಯಿತ ಕಡೆಯಿಂದ, ಆರೋಗ್ಯ ತಪಾಸಣೆಯಾಗಿ ಬಂದ ಬಿಳಿ ಇಲಿಗಳಿಂದ ಆ ಭಯ ತೀರಾ ಕಡಿಮೆ. ಹೊರಗಿನ ಇಲಿ ಒಳಗೆ ನುಗ್ಗದಂತೆ ಕಿಂಡಿಗಳಿಗೆ ಜಾಲರಿ, ಬಾಗಿಲಿಗೆ ತಡೆ ಇರಬೇಕು, ನಮ್ಮ ಕಡೆ ಮಳೆ ಹಿಡಿದ ಕೂಡಲೇ ಅವು ಒಣ ಜಾಗ ಹುಡುಕಿ ಬರುತ್ತವೆ. ನಿಜವಾಗಿ ಕಾಡುವುದು ಅಲರ್ಜಿ. ಇಲಿ ಮೂತ್ರದ ಪ್ರೋಟೀನು ದೂಳಿನಲ್ಲಿ ಸೇರಿ ಸೀನು, ಉಬ್ಬಸ ತರುತ್ತದೆ. ಒಳ್ಳೆಯ ಮಾಸ್ಕು, ಗ್ಲೌಸು, ಕೆಲಸದ ಬಟ್ಟೆ ಅಲ್ಲೇ ಬಿಟ್ಟು ಬರುವುದು ರೂಢಿಯಾಗಲಿ. ಕಚ್ಚಿದರೆ ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಲಿ.

ಬೆಂಗಳೂರಿನಿಂದ ತರಿಸಿದ ಪ್ರಾಣಿಗಳ ಮೇಲೆ ಮರುದಿನವೇ ಪ್ರಯೋಗ ಶುರು ಮಾಡಬಹುದಾ?

ಬೇಡ. ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಬಂದ ಪ್ರಾಣಿಗೆ ಅಲುಗಾಟ, ಸದ್ದು, ಹವೆ ಎಲ್ಲ ಒಟ್ಟಿಗೆ ಬದಲಾಗಿರುತ್ತದೆ. ಸಣ್ಣ ಪ್ರಾಣಿಗಳಿಗೆ ಒಂದು ವಾರದಿಂದ ಒಂದು ತಿಂಗಳು ಬೇರೆ ಇಟ್ಟು ನೋಡಬೇಕು ಅಂತ ಮಾರ್ಗಸೂಚಿ ಇದೆ. ಮೇ ತಿಂಗಳಲ್ಲಿ ರಾತ್ರಿ ಪ್ರಯಾಣ ಮಾಡಿಸಿ.

ಪ್ರಯೋಗ ಮುಗಿದ ಮೇಲೆ ಅವು ಏನಾಗುತ್ತವೆ?

ಹೆಚ್ಚಿನವನ್ನು ಕೊಲ್ಲುತ್ತಾರೆ. ಇದನ್ನು ಮರೆಮಾಚಿ ಹೇಳುವುದು ಸರಿಯಲ್ಲ. ಹೇಗೆ ಕೊಲ್ಲುತ್ತಾರೆ ಅನ್ನುವುದೂ ಆರೈಕೆಯ ಭಾಗವೇ. ತಮ್ಮದೇ ಗೂಡಿನಲ್ಲಿ, ಜೊತೆಗಾರರ ಜೊತೆಯೇ ಇರುವಾಗ ಮಾಡಿದರೆ ಹೆದರಿಕೆ ಕಡಿಮೆ. ಇಂಗಾಲದ ಡೈಆಕ್ಸೈಡು ಬಳಸುವುದಾದರೆ ಮೊದಲೇ ತುಂಬಿದ ಡಬ್ಬಿಗೆ ಹಾಕಬಾರದು. ನಿಮಿಷಕ್ಕೆ ಡಬ್ಬಿಯ ಗಾತ್ರದ ಶೇಕಡಾ 30ರಿಂದ 70ರಷ್ಟು ತುಂಬುವಂತೆ ನಿಧಾನ ಬಿಡಬೇಕು, ಅಳತೆಯ ಮೀಟರ್ ಇರಬೇಕು. ಬೇರೆ ಪ್ರಾಣಿಗಳಿರುವ ಕೋಣೆಯಲ್ಲಿ ಮಾಡಬಾರದು. ಸಾಕಿದವರಿಗೆ ಇದು ಕಷ್ಟದ ದಿನ. ಅವತ್ತು ಅವರ ಮೇಲೆ ಬೇರೆ ಕೆಲಸ ಹೇರಬೇಡಿ.

ಕಾನೂನು ಏನಿದೆ?

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರದ ಒಂದು ಸಮಿತಿ ಇದೆ. ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದರು, ಈಗ ಸಿಸಿಎಸ್‌ಇಎ. 1998ರ ನಿಯಮಗಳ ಪ್ರಕಾರ ಅಲ್ಲಿ ನೋಂದಣಿ ಇಲ್ಲದೆ ಪ್ರಾಣಿ ಪ್ರಯೋಗ ಮಾಡುವಂತಿಲ್ಲ. ಪ್ರತಿ ಸಂಸ್ಥೆಯಲ್ಲೂ ಎಥಿಕ್ಸ್ ಕಮಿಟಿ ಇರಬೇಕು, ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನಿಯಲ್ಲದ ಒಬ್ಬರು, ಕೇಂದ್ರ ಸಮಿತಿ ಕಳಿಸಿದವರು ಕೂರುತ್ತಾರೆ. ತಪ್ಪು ಕಂಡ ವಿದ್ಯಾರ್ಥಿ ಈ ಕಮಿಟಿಗೆ ಬರೆಯಬಹುದು.

ನಮ್ಮ ಕಾಲೇಜು ಸಣ್ಣದು, ದುಡ್ಡು ಕಡಿಮೆ. ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಮೊದಲು ಜನರೇಟರ್ ಮತ್ತು ತೇವ ತೆಗೆಯುವ ಯಂತ್ರ. ಆಮೇಲೆ ದಪ್ಪ ಗೋಡೆ, ಕಾಂಕ್ರೀಟ್ ಮಾಡು, ತುಕ್ಕು ಹಿಡಿಯದ ಸ್ಟೀಲಿನ ಜಾಲರಿ. ಗೂಡಿಗೆ ಕಾಗದ, ಕರಟ, ಕೊಳವೆಗಳಿಗೆ ತೀರಾ ಕಡಿಮೆ ದುಡ್ಡು ಸಾಕು, ಅದನ್ನು ಮುಂದೂಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರಾಣಿ ನೋಡಿಕೊಳ್ಳುವವರಿಗೆ ಸರಿಯಾದ ಸಂಬಳ ಮತ್ತು ತರಬೇತಿ ಕೊಡಿ. ಒಬ್ಬರನ್ನೇ ನಂಬಿ ಶುರು ಮಾಡಬೇಡಿ, ಕಡೇಪಕ್ಷ ಇಬ್ಬರು ಬೇಕು. ಭಾನುವಾರ, ಚೌತಿ, ದೀಪಾವಳಿಗೆ ಯಾರು ಬಂದು ನೀರು ಆಹಾರ ನೋಡುತ್ತಾರೆ ಅಂತ ವರ್ಷದ ಪಟ್ಟಿ ಬರೆದು, ಅವರ ರಜೆಯ ಭತ್ಯೆಯನ್ನೂ ಬಜೆಟ್ಟಿನಲ್ಲಿ ಸೇರಿಸಿದ ಮೇಲೆ ಮೊದಲ ಗೂಡಿಗೆ ಆರ್ಡರ್ ಕೊಡಿ.